ಬೈಹುಲ್ಲಿನಲ್ಲಿಟ್ಟ ಆ್ಯಶ್ ಬೀಜ

ಮೂಡುಬಿದಿರೆ
13-4-1964, ಸೋಮವಾರ

ಪ್ರೀತಿಯ ಮಗಳು ಕಾಂತಿಗೆ,

ನಿನ್ನ ಕೆಮ್ಮು ಗುಣವಾಯಿತೇ? ದೆಹರಾದೂನಿನಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೆ, ತಲೆಗೆ ಬಟ್ಟೆ ಕಟ್ಟದೆ ನಿನ್ನ ಅರಣ್ಯ ಸಂಶೋಧನಾಲಯದ ತೋಟಕ್ಕೆ ಇಳಿಯಬೇಡ. ಇಲ್ಲಿ ಸೆಕೆ ಹೇಳತೀರದು. ನಾನು ಕ್ಷೇಮ. ನಿನ್ನ ಅಮ್ಮನಿಗೆ ಮಂಡಿನೋವು ಸ್ವಲ್ಪ, ನನ್ನ ಮೇಲಿನ ಸಿಟ್ಟು ಮೊನ್ನೆಯ ತನಕ ಬಹಳ. ಸಿಟ್ಟಿನ ಕಾರಣ ಮುಂದೆ ಬರುತ್ತದೆ.

ಸುದ್ದಿ ಮೊದಲು, ವಿವರ ಆಮೇಲೆ ಎಂಬುದು ಪತ್ರಿಕೆಯವರ ಕ್ರಮ. ಸುದ್ದಿ ಇದು: ಚಳಿನಾಡಿನ ನಿನ್ನ ಆ್ಯಶ್ ಮರದ ಬೀಜಗಳು ಮೊಳೆತಿವೆ ಮಗಳೇ! ನಲವತ್ತರಲ್ಲಿ ಒಂಬತ್ತು. ನೀನು ಎರಡು ವಸಂತ ಏಣಿ ಹತ್ತಿ, ನಾಲ್ಕನೆಯ ನಂಬರಿನ ಗಂಡುಮರದ ಪರಾಗವನ್ನು ಕುಂಚದಲ್ಲಿ ತೆಗೆದು ಹದಿನೇಳನೆಯ ನಂಬರಿನ ಮರದ ಹೂವಿಗೆ ಮುಟ್ಟಿಸಿ, ಕಾಗದದ ಚೀಲ ಕಟ್ಟಿ ಕಾದೆಯಲ್ಲ, ಅದೇ ಬೀಜ. ಅಲ್ಲಿ ನೀನು ಇಟ್ಟುಕೊಂಡವುಗಳಲ್ಲಿ ಒಂದೂ ಮೊಳೆಯದ್ದನ್ನು ನೋಡಿ ನಿನ್ನ ಮೇಲಧಿಕಾರಿ ಈ ಸಂಕರಕ್ಕೆ ಜೀವವಿಲ್ಲ ಎಂದು ಬರೆದು ಕೆಲಸ ನಿಲ್ಲಿಸಲು ಹೇಳಿದರು. ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ಇಲ್ಲಿಯ ಹುಡುಗಿಯರ ಶಾಲೆಗೆ ಸೇರುತ್ತೇನೆ ಎಂಬ ನಿನ್ನ ಕಾಗದ ನನ್ನ ಮುಂದೆಯೇ ಇದೆ. ಅದನ್ನು ಓದುತ್ತಾ ನಾನು ಒಬ್ಬನೇ ನಗುತ್ತಿದ್ದೇನೆ.

ಈಗ ತಪ್ಪೊಪ್ಪಿಗೆ. ಅಕ್ಟೋಬರಿನಲ್ಲಿ ರಜೆಗೆ ಬಂದವಳು ಆ ನಲವತ್ತು ಬೀಜಗಳನ್ನು ಡಬ್ಬಿಯಲ್ಲಿಟ್ಟು, ಅಲ್ಲಿಯವು ಹಾಳಾದರೆ ಇವು ಇರಲಿ, ಒಣಗಿದಂತೆಯೇ ಇಟ್ಟಿರಿ, ಮುಟ್ಟಬೇಡಿ ಎಂದು ಹೇಳಿ ಹೋದೆ. ನಾನು ಮುಟ್ಟಿದೆ. ಸುಗ್ಗಿ ಬೆಳೆಗೆ ಭತ್ತ ಮೊಳಕೆ ಬರಿಸುವ ವಾರ ಅದು. ಡಬ್ಬಿ ತೆರೆದು ನೋಡಿದರೆ ದೋಣಿಯ ಸಣ್ಣ ಹುಟ್ಟಿನಂಥ ರೆಕ್ಕೆಯ ಬೀಜಗಳು ಹಪ್ಪಳದ ಹಾಗೆ ಒಣಗಿದ್ದವು. ನಮ್ಮ ಹಲಸು, ಮಾವಿನ ಬೀಜ ಹೀಗೆ ಒಣಗಿದರೆ ಮುಗಿಯಿತು. ಮಗಳ ಎರಡು ವರ್ಷದ ಶ್ರಮ ಉಸಿರುಕಟ್ಟಿ ಸಾಯುತ್ತಿದೆ ಎಂದು ನನಗೆ ಕಂಡಿತು. ಭತ್ತಕ್ಕೆ ಮಾಡುವಂತೆ ಒಂದು ರಾತ್ರಿ ನೆನೆಹಾಕಿ, ಒದ್ದೆ ಬೈಹುಲ್ಲಿನಲ್ಲಿ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಭತ್ತ ಮೂರು ದಿನಕ್ಕೆ ಮೊಳೆಯಿತು. ಇವು ಮೂರಕ್ಕೂ ಇಲ್ಲ, ಹದಿಮೂರಕ್ಕೂ ಇಲ್ಲ. ಅಷ್ಟರಲ್ಲಿ ಅಮ್ಮನಿಗೆ ಗೊತ್ತಾಯಿತು. "ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮಾತು ಕೇಳಿ ಅಂತ ಪಾಠ ಮಾಡಿದ್ದು ಇದೇ ಬಾಯಿಯಾ? ಅವಳಿಗೆ ಏನು ಬರೀತೀರಿ ಈಗ?" ಎಂದಳು. ನಾನು ಏನೂ ಬರೆಯಲಿಲ್ಲ. ಒದ್ದೆಯಾದ ಬೀಜವನ್ನು ಪುನಃ ಒಣಗಿಸಿದರೆ ಖಂಡಿತ ಸಾಯುತ್ತದೆ ಎಂದು ದಿನವೂ ನೀರು ಚಿಮುಕಿಸುತ್ತಾ ಬಂದೆ. ಹನ್ನೆರಡು ವಾರ.

ಜನವರಿಯಲ್ಲಿ ನಿನ್ನ ಕಾಗದ ಬಂತು. ಹಿಮದಡಿಯಲ್ಲಿ ಇದ್ದಂತೆ ಇರಲೆಂದು ನೀನು ಒಣಬೀಜಗಳನ್ನು ನೇರ ಶೀತದ ಕೋಣೆಯಲ್ಲಿಟ್ಟದ್ದು, ಒಂದನ್ನು ಸೀಳಿ ನೋಡಿದ್ದು, ಒಳಗಿನ ಭ್ರೂಣ ಬೀಜದ ಅರ್ಧ ಉದ್ದವೂ ಇಲ್ಲದೆ ಮಲಗಿದ್ದು ಎಲ್ಲ ಅದರಲ್ಲಿತ್ತು, ಚಿತ್ರದ ಸಹಿತ. ನಾನು ಕ್ಷೌರದ ಬ್ಲೇಡಿನಿಂದ ನನ್ನ ಕಟ್ಟಿನ ಒಂದು ಬೀಜ ಸೀಳಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಕಾಂತಿ. ಒಳಗೆ ಬಿಳಿಯ ಭ್ರೂಣ ಬೀಜದ ತುದಿಯಿಂದ ತುದಿಗೆ ಬೆಳೆದು ನಿಂತಿತ್ತು! ಕೊಳೆತಿರಲಿಲ್ಲ. ಹುಲ್ಲಿನ ಬಿಸಿಯಲ್ಲಿ ಅದು ಬೆಳೆದಿತ್ತು, ಹೊರಬರಲು ಮಾತ್ರ ಒಲ್ಲದು. ಹಾಗಾದರೆ ಚಳಿ ಬೇಕಾದದ್ದು ಈಗ, ಬೆಳೆದ ಮೇಲೆ, ಎಂದು ನನಗೆ ತೋಚಿತು.

ಮೂಡುಬಿದಿರೆಯಲ್ಲಿ ಚಳಿ ಎಲ್ಲಿಂದ ತರಲಿ? ಬಂಟ್ವಾಳದ ಶರೀಫ್ ನೆನಪಾದ. ನನ್ನ ಹಳೆಯ ವಿದ್ಯಾರ್ಥಿ, ಮೀನಿನ ವ್ಯಾಪಾರಿ. ಮಂಗಳೂರಿನಿಂದ ದಿನವೂ ಐಸು ತರಿಸುತ್ತಾನೆ. ಒದ್ದೆ ಮರಳಿನಲ್ಲಿ ಬೀಜ ಬೆರೆಸಿ, ಅಗಲ ಬಾಯಿಯ ಗಾಜಿನ ಕುಪ್ಪಿಯಲ್ಲಿ ತುಂಬಿಸಿ ಕೊಂಡುಹೋದೆ. "ಮಾಸ್ಟ್ರೇ, ಇಡುವ. ಮೀನಿಲ್ಲದ ಬೇರೆ ಪೆಟ್ಟಿಗೆ ಉಂಟು. ಆದರೆ ವಾಸನೆ ಬಂದರೆ ನನ್ನನ್ನು ಪುನಃ ಬೆಂಚಿನ ಮೇಲೆ ನಿಲ್ಲಿಸಬಾರದು" ಎಂದ. ಪ್ರತಿ ಶನಿವಾರ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ನಾಲ್ಕನೆಯ ವಾರಕ್ಕೆ ಊರಿಗೆಲ್ಲ ತಿಳಿಯಿತು. ಬಸದಿಯ ಮೆಟ್ಟಿಲಲ್ಲಿ ನಮ್ಮ ನೆರೆಯ ಮುಂಡಪ್ಪಣ್ಣ, ನಾಲ್ಕು ಜನರ ಎದುರು, "ಏನು ಸುಬ್ಬಯ್ಯ ಮಾಸ್ಟ್ರೇ, ಬಂಗುಡೆ ಮೀನಿಗೆ ಈಗ ಹೇಗೆ ಉಂಟು ಮಾರಾಯ್ರೆ ಕ್ರಯ?" ಎಂದು ಕೇಳಿದರು. ಜೈನನಾಗಿ ಹುಟ್ಟಿ ಅರುವತ್ತು ದಾಟಿದ ಮೇಲೆ ಕೇಳಬೇಕಾದ ಮಾತೇ ಅದು! ಬಂಟ್ವಾಳದಿಂದ ಬಂದರೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಯೇ ಒಳಗೆ ಬನ್ನಿ ಎಂದಳು ಅಮ್ಮ. ನಾನು ಹೋಗುವುದನ್ನು ಬಿಡಲಿಲ್ಲ.

ಮಾರ್ಚ್ 31ರಂದು ಶರೀಫನೇ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಬಂದ. ಕುಪ್ಪಿಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದ. "ಮಾಸ್ಟ್ರೇ, ಬಾಲ ಬಂದಿದೆ!" ಎಂದ. ಗಾಜಿಗೆ ಅಂಟಿಕೊಂಡು ಬಿಳಿಯ ಬೇರು ಇಳಿದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, ಒಳಗೆ ಹೋಗಿ ಅವನಿಗೆ ಪಾಯಸ ತಂದಿಟ್ಟಳು. ಇವತ್ತಿಗೆ ಒಂಬತ್ತು ಸಸಿ, ತೆಂಗಿನ ಗೆರಟೆಗಳಲ್ಲಿ. ಏಳಕ್ಕೆ ಎರಡೆರಡು ನೀಳ ಎಲೆಗಳು ಬಂದಿವೆ. ಮಧ್ಯಾಹ್ನ ಬುಟ್ಟಿಯಲ್ಲಿ ಬಾವಿಗೆ ಇಳಿಸಿ ನೀರಿನ ಮೇಲೆ ತೂಗುಬಿಡುತ್ತೇವೆ. ಎಲ್ಲ ತಾರೀಖುಗಳನ್ನೂ ಬರೆದಿಟ್ಟಿದ್ದೇನೆ, ನನ್ನ ತಪ್ಪಿನ ತಾರೀಖು ಸಹಿತ. ಒಮ್ಮೆಯ ಫಲದಿಂದ ನಿಯಮ ಸಿದ್ಧವಾಗುವುದಿಲ್ಲ, ನೀನು ಪುನಃ ಮಾಡಿ ನೋಡಬೇಕು ಎಂಬುದು ನನಗೆ ಗೊತ್ತು. ಹದಿನೇಳನೆಯ ಮರದ ನೇರ ಕಾಂಡ ಇವುಗಳಿಗೆ ಬರುತ್ತದೋ ಇಲ್ಲವೋ ತಿಳಿಯಲು ಇನ್ನೂ ಎಷ್ಟು ವರ್ಷ ಬೇಕೋ. ಆದರೆ ಬೀಜಕ್ಕೆ ಜೀವವಿತ್ತು. ಅಷ್ಟನ್ನು ಯಾರೂ ಇನ್ನು ಅಲ್ಲಗಳೆಯುವಂತಿಲ್ಲ.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಹೇಳಿದಳು. ಶರೀಫನ ಸಲಾಮು. ಚಂದ್ರನಾಥ ಸ್ವಾಮಿ ನಿನ್ನ ಕೈಯ ಕೆಲಸ ಕಾಯಲಿ.

ನಿನ್ನ ಅಪ್ಪ
ಸುಬ್ಬಯ್ಯ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯ ವಿಷಯವೇ ಉಳಿಯಿತು. ಶಾಲೆಗೆ ನೀನು ಕಳಿಸಿದ ಅರ್ಜಿಯನ್ನು ಬೆಳಿಗ್ಗೆ ಹೋಗಿ ಹಿಂದಕ್ಕೆ ತಂದೆ. ನಿನ್ನನ್ನು ಕೇಳಲಿಲ್ಲ, ಬೈಯುವುದಿದ್ದರೆ ಎದುರಿಗೇ ಬೈ. ಈ ಸೆಕೆಯಲ್ಲಿ ಎರಡು ಸಸಿ ಬಾಡತೊಡಗಿವೆ, ಕಾಯುವಂತಿಲ್ಲ. ಬಿಸು ಹಬ್ಬ ಕಳೆದು ಗುರುವಾರ ಸಸಿಗಳೊಡನೆ ಮಂಗಳೂರಿನಿಂದ ರೈಲು ಹತ್ತುತ್ತೇನೆ. ಮದ್ರಾಸು, ದಿಲ್ಲಿ ದಾಟಿ ಸೋಮವಾರ ಬೆಳಿಗ್ಗೆ ನಿನ್ನ ಸ್ಟೇಷನ್ನು. ಸಾಧ್ಯವಾದರೆ ನಿನ್ನ ಮೇಲಧಿಕಾರಿಯನ್ನೂ ಕರೆದುಕೊಂಡು ಬಾ, ಅವರು ಪ್ಲಾಟ್‌ಫಾರ್ಮಿನಲ್ಲೇ ಎಣಿಸಲಿ. ಅಲ್ಲಿಯ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ.