ಬೆನ್ನ ಹಿಂದಿನ ಚಿಟಿಕೆ

ಅಣ್ಣಪ್ಪ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಇವತ್ತು ಕೊಚ್ಚಿಯಲ್ಲಿ ಹಾಫ್ ಮ್ಯಾರಥಾನ್ ಓಡಿದೆ. ನಿನ್ನದೇ ಬ್ಯಾಂಕಿನವನ ಬುದ್ಧಿ: ಮೊದಲರ್ಧ ಉಸಿರು ಉಳಿತಾಯ, ಆಮೇಲೆ ಖರ್ಚು. ನಾನು ಆತುರಪಟ್ಟಾಗಲೆಲ್ಲ ಹಿಂದಿನಿಂದ ಚಿಟಿಕೆ ಹೊಡೆಯುತ್ತಿದ್ದೆಯಲ್ಲ, ವೆಂಡುರುತ್ತಿ ಸೇತುವೆಯ ಮೇಲೆ ಅದೇ ಚಿಟಿಕೆ ಕೇಳಿಸಿತು. ತಿರುಗಲಿಲ್ಲ, ತಿರುಗಿ ಯಾರೋ ಅಪರಿಚಿತ ಕಂಡರೆ ನಷ್ಟ ನನಗೇ. ವೇಗ ತಗ್ಗಿಸಿದೆ. ಬೆನ್ನ ಹಿಂದಿನ ಹೆಜ್ಜೆ ಸದ್ದೂ ತಗ್ಗಿತು.

ಹೋದ ವರ್ಷ ತಿರುವನಂತಪುರದಲ್ಲಿ ನಾನು ಮೊದಲೇ ಮುಕ್ತಾಯದ ಗೆರೆ ದಾಟಿ ನಿನಗಾಗಿ ಕಾಯುತ್ತ ನಿಂತಿದ್ದೆ; ಬಂದದ್ದು ಆಂಬುಲೆನ್ಸ್. ಈ ಸಲ ಗೆರೆ ದಾಟುವ ಮೊದಲೇ ನಿಂತುಬಿಟ್ಟೆ. ಹೆಜ್ಜೆಗಳೂ ನಿಂತವು.

"ಚೇಟ್ಟಾ, ವೇಗಂ ವರೂ," ಬೇಗ ಬನ್ನಿ ಅಣ್ಣಾ ಎಂದು ಪದಕ ಹಿಡಿದಿದ್ದ ಹುಡುಗಿ ಕರೆದಳು.

"ಇವನೂ ಬರಲಿ, ಜೊತೆಗೇ ದಾಟುತ್ತೇವೆ," ಎಂದು ನನ್ನ ಮುರುಕು ಮಲಯಾಳದಲ್ಲಿ ಹೇಳಿದೆ.

ಅವಳು ನನ್ನ ಭುಜದಾಚೆ ನೋಡಿ ಇನ್ನೊಂದು ಪದಕ ಎತ್ತಿಕೊಂಡಳು.