ಸೌನಾದಲ್ಲಿ ನಿಂತ ನೀಲಿ ಬಸ್ಸು

ಲಿಯೆಕ್ಸಾ
ಶನಿವಾರ, ಮಾರ್ಚ್ ೧೨, ೧೯೯೪

ಪ್ರೀತಿಯ ಓರ್ವೊಕ್ಕಿ,

ನೀನು ಕ್ಷೇಮವೆಂದೂ, ನಿನ್ನ ಅಕ್ಕ ತೈಮಿ ಈಗ ಕೋಲು ಹಿಡಿದು ಅಂಗಡಿಯವರೆಗೂ ನಡೆಯುತ್ತಾಳೆಂದೂ ತಿಳಿದು ಸಮಾಧಾನವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಆದರೆ ಮೆಲ್ಲಗೆ. ಲೂಲಿಯೊದಲ್ಲೇ ತನ್ನ ಜೊತೆ ಇದ್ದುಬಿಡು ಎಂದು ಅಕ್ಕ ಹೇಳುತ್ತಿದ್ದಾಳೆ, ನೀವೇನು ಹೇಳುತ್ತೀರಿ ಎಂದು ನೀನು ಕೇಳಿದ್ದೆ. ಅದನ್ನು ಓದಿ, ಕಾಗದ ಮಡಚಿ, ಕಾಫಿ ಡಬ್ಬಿಯ ಹಿಂದೆ ಇಟ್ಟೆ. ನಾನು ದಿನಕ್ಕೆ ಎಷ್ಟು ಸಲ ಕಾಫಿ ಮಾಡುತ್ತೇನೆಂದು ನಿನಗೆ ಗೊತ್ತು, ಅಷ್ಟು ಸಲವೂ ಅದು ಕಣ್ಣಿಗೆ ಬೀಳುತ್ತದೆ. ಉತ್ತರ ಕೊಡುತ್ತೇನೆ, ಇದೇ ಕಾಗದದಲ್ಲಿ ಕೊಡುತ್ತೇನೆ. ಮೊದಲು ಬಸ್ಸಿನ ಸುದ್ದಿ ಕೇಳು.

ನಾನು ಓಡಿಸುತ್ತಿದ್ದ ಆ ನೀಲಿ ಬಸ್ಸನ್ನು ಅಂಗೈಯಗಲಕ್ಕೆ ಇಳಿಸಿ ಕಟ್ಟುತ್ತಿದ್ದೆನಲ್ಲ, ನೀನು ಹೊರಟಾಗ ಅದಕ್ಕೆ ಬಣ್ಣವೊಂದು ಬಾಕಿಯಿತ್ತು. ಹೊಳಪು ಬಣ್ಣದಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ಮಾಸಲು ಬಣ್ಣ ನಮ್ಮ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊಳಪು ಹಾಗಲ್ಲ, ಒಂದು ಧೂಳಿನ ಕಣ ಕೂತರೂ ಊರಿಗೆಲ್ಲ ಸಾರುತ್ತದೆ. ಅಡುಗೆಮನೆಯಲ್ಲಿ ಹೊಡೆದ ಮೊದಲ ಕೋಟಿನಲ್ಲಿ ಬೆಕ್ಕಿನ ಕೂದಲು ಅಂಟಿ, ಬಸ್ಸಿಗೆ ಮೀಸೆ ಬಂದಂತಾಯಿತು. ಹಾಗಾಗಿ ಎಲ್ಲವನ್ನೂ ಸೌನಾಕ್ಕೆ ಸಾಗಿಸಿದೆ.

ನಗಬೇಡ. ಒಲೆ ಹಚ್ಚದಿದ್ದರೆ ನಮ್ಮ ಸೌನಾದಷ್ಟು ನಿರ್ಮಲವಾದ ಜಾಗ ಮನೆಯಲ್ಲಿಲ್ಲ. ಬಟ್ಟೆಯಿಲ್ಲ, ಕಂಬಳಿಯಿಲ್ಲ, ಬರೀ ಮರ. ಶನಿವಾರ ಒಲೆ ಹಚ್ಚಿ ಆ ಬಿಸಿಯಲ್ಲಿ ನಾವಿಬ್ಬರೂ ಬೆವರುತ್ತ ಕೂರುವ ಮೇಲಿನ ಹಲಗೆಯ ಮೇಲೆ, ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಬಸ್ಸು ನಿಲ್ಲಿಸಿದ್ದೇನೆ. ಹಳೆಯ ಫ್ರಿಜ್ಜಿನ ಮೋಟಾರಿನಿಂದ ಮಾಡಿದ ಗಾಳಿಯಂತ್ರ ಕೆಳಗೆ ಕೂತು ಗೊರಕೆ ಹೊಡೆಯುತ್ತದೆ. ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಅದನ್ನು ತುಂತುರಾಗಿ ಚಿಮ್ಮುವ ಏರ್‌ಬ್ರಷ್ಷಿಗೆ ಹಾಕಬೇಕು. ಮೊದಲು ಮಂಜು ಕೂತಂತೆ ಹಗುರವಾಗಿ ಹೊಡೆದು, ಕೊನೆಯ ಕೋಟನ್ನು ಮಾತ್ರ ಹತ್ತಿರದಿಂದ, ಒದ್ದೆಯಾಗಿ, ಇನ್ನೇನು ಹರಿದುಬಿಡುತ್ತದೆ ಅನ್ನುವವರೆಗೂ ಹೊಡೆಯಬೇಕು. ಹೆದರಿ ದೂರ ಸರಿದೆಯೋ, ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ನಾನು ಹೆದರಲಿಲ್ಲ.

ಹೊಡೆದಾದ ಮೇಲೆ ದೀಪ ಆರಿಸದೆ ಕೆಳಗಿನ ಹಲಗೆಯಲ್ಲಿ ಕೂತು ನೋಡುತ್ತೇನೆ. ತರಿಗಳೆಲ್ಲ ತಾವಾಗಿಯೇ ಒಂದಕ್ಕೊಂದು ಸೇರಿ ಕರಗಿ, ಬಸ್ಸಿನ ಪಕ್ಕೆಯಲ್ಲಿ ದೀಪ ಮೂಡುತ್ತದೆ, ಆಮೇಲೆ ಕಿಟಕಿ, ಕಿಟಕಿಯಾಚೆಯ ಬರ್ಚ್ ಮರ. ನೋಡುತ್ತ ನೋಡುತ್ತ ನಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ಒಮ್ಮೊಮ್ಮೆ ಆ ನೀಲಿಯೊಳಗೆ ಪೀಲಿನೆನ್ ಸರೋವರದ ದಾರಿ ಕಾಣುತ್ತದೆ. ನೀನು ಹಿಮದಲ್ಲಿ ನಿಂತು ಮೊದಲ ಸಲ ಕೈ ತೋರಿಸಿದ ಆ ತಿರುವು ಕೂಡ. ಬಸ್ಸಿನ ಬಾಗಿಲು ಹೆಪ್ಪುಗಟ್ಟಿ ತೆರೆಯಲೇ ಇಲ್ಲ, ಒಳಗಿಂದ ನಾನು ಭುಜ ಕೊಟ್ಟು ತಳ್ಳಿದೆ, ಹೊರಗಿಂದ ನೀನು ಕಾಲೂರಿ ಎಳೆದೆ. ಕೊನೆಗೆ ಹತ್ತಿ ಒಳಗೆ ಬಂದು ನೀನು ಕೇಳಿದ್ದು ನೆನಪಿದೆಯೇ? "ಏನ್ರೀ ಡ್ರೈವರ್, ಒಳಗ್ ಕರ್ಕೊಳ್ಳೋ ಮನ್ಸಿರ್ಲಿಲ್ವಾ?" ಇಡೀ ಬಸ್ಸು ನಕ್ಕಿತು. ನಾನು ಟಿಕೆಟ್ ಕೊಡುವುದನ್ನೇ ಮರೆತೆ.

ಪಕ್ಕದ ಮನೆಯ ಮಾರ್ತಾ ಮೊನ್ನೆ ಬೇಲಿಯ ಬಳಿ ಹಿಡಿದು ನಿಲ್ಲಿಸಿದಳು. "ಕಲೆರ್ವೊ, ನಿಮ್ ಸೌನಾದಿಂದ ಹೊಗೆ ಬಂದು ಎಷ್ಟ್ ಶನಿವಾರ ಆಯ್ತು? ಹೊಗೆ ಕಾಣ್ದಿದ್ರೆ ಮನೆಯೋರು ಇದಾರೋ ಹೋದ್ರೋ ಅಂತ ನಾವು ಬಂದ್ ನೋಡ್ಬೇಕಾಗತ್ತೆ!" ಎಂದಳು. ಬಣ್ಣ ಒಣಗುತ್ತಿದೆ, ಬಿಸಿ ತಾಗಿದರೆ ಪ್ಲಾಸ್ಟಿಕ್ ಬಸ್ಸು ಮೇಣದಂತೆ ಬಾಗಿಹೋಗುತ್ತದೆ, ಸ್ನಾನವನ್ನು ಈಜುಕೊಳದಲ್ಲಿ ಮುಗಿಸಿ ಬರುತ್ತೇನೆ ಎಂದೆ. "ಅಯ್ಯೋ, ಗೊಂಬೆ ಬಸ್ಸಿಗೋಸ್ಕರ ಈಜುಕೊಳಕ್ಕೆ ಹೋಗಿ ಸ್ನಾನ ಮಾಡೋ ಗಂಡ್ಸನ್ನ ಇವತ್ತೇ ನೋಡಿದ್ದು!" ಎಂದು ಕೈಗೆ ಬಿಸಿ ಕಡುಬಿನಂಥ ಪಿರಾಕ್ಕ ತುರುಕಿ ಹೋದಳು. ಚೆನ್ನಾಗಿತ್ತು, ಬೆಣ್ಣೆ ಮಾತ್ರ ನಿನ್ನಷ್ಟು ಹಾಕಿರಲಿಲ್ಲ.

ಪುಟ್ಟ ಮಾದರಿಗಳನ್ನು ಕಟ್ಟುವ ನಮ್ಮ ಕ್ಲಬ್ಬಿನ ವೇಯ್ಯೊ ಕೂಡ ಬಂದಿದ್ದ. ಈಸ್ಟರಿನ ಪ್ರದರ್ಶನಕ್ಕೆ ಬಸ್ಸು ಒಯ್ಯಬೇಕಂತೆ. ದೀಪಕ್ಕೆ ಹಿಡಿದು ತಿರುಗಿಸಿದ, ಮೂಗಿನ ಹತ್ತಿರ ತಂದ. ಹೊಗಳುತ್ತಾನೆಂದು ಕಾದೆ.

"ಇದಕ್ಕೆ ಬಣ್ಣ ಹೊಡ್ದಿದ್ಯೋ, ಪಾಕದಲ್ಲಿ ಅದ್ದಿದ್ಯೋ?" ಎಂದ. "ಎಷ್ಟ್ ಕೋಟು ಬಳ್ದಿದ್ಯೋ ಮಾರಾಯ? ಗೆರೆಗಳೆಲ್ಲ ತುಂಬೋಗಿವೆ. ಬಾಗ್ಲೇ ಕಾಣಲ್ಲ. ಜನ ಹತ್ತೋದ್ ಎಲ್ಲಿಂದ?"

ಹೊಳಪು ನೋಡು ಮಾರಾಯ, ಹೊಳಪು ನೋಡು ಎಂದೆ. "ನೋಡ್ದೆ ಬಿಡು, ನನ್ ಮುಖಾನೇ ಕಾಣ್ತಿದೆ. ಅದೇನ್ ಅಂಥ ಸುಖದ್ದಲ್ಲ," ಎಂದು ಕಾಫಿ ಕುಡಿದು ಹೋದ.

ಸರಿ, ನಿನ್ನ ಪ್ರಶ್ನೆಗೆ ಬರೋಣ. ತೈಮಿಗೆ ನೀನು ಬೇಕು. ಅಲ್ಲಿ ಲಿಫ್ಟ್ ಇದೆ, ಸಮುದ್ರ ಕಾಣುತ್ತದೆ, ಕೆಳಗೇ ಅಂಗಡಿ. ನಾನು ಚೆನ್ನಾಗಿದ್ದೇನೆ, ಸಾರು ಮಾಡಲು ಕಲಿತಿದ್ದೇನೆ, ಬೆಕ್ಕೂ ಉಣ್ಣುತ್ತದೆ. ನಿನಗೆ ಅಲ್ಲಿ ಹಿತವೆನಿಸಿದರೆ ಇರು. ನನ್ನದೇನೂ ಅಡ್ಡಿಯಿಲ್ಲ.

ಇಬ್ಬರೂ ಬೆಚ್ಚಗಿರಿ. ಅಕ್ಕನ ಕಾಲಿಗೆ ಬೇಗ ಬಲ ಬರಲಿ, ನಿನ್ನ ಕಣ್ಣಿಗೆ ಒಳ್ಳೆಯ ನಿದ್ದೆ ಹತ್ತಲಿ.

ನಿನ್ನ
ಕಲೆರ್ವೊ

ಮರೆತಿದ್ದು: ಲಕೋಟೆ ಅಂಟಿಸುವ ಮುನ್ನ ಸೌನಾಕ್ಕೆ ಹೋಗಿ ಕೂತಿದ್ದೆ. ಓರ್ವೊಕ್ಕಿ, ಬಸ್ಸಿನ ಬಣ್ಣ ಕ್ರಿಸ್‌ಮಸ್‌ಗೆ ಮೊದಲೇ ಒಣಗಿತ್ತು. ಆಗಲೇ ಅದು ಕನ್ನಡಿಯಂತಿತ್ತು, ಬಾಗಿಲೂ ಚೆನ್ನಾಗಿ ಕಾಣುತ್ತಿತ್ತು. ಅಂದಿನಿಂದ ಪ್ರತಿ ಶುಕ್ರವಾರ ಇನ್ನೊಂದು ಕೋಟು ಹೊಡೆಯುತ್ತಿದ್ದೇನೆ, ಶನಿವಾರ ಒಲೆ ಹಚ್ಚದಿರಲು ಒಂದು ನೆಪ ಬೇಕಲ್ಲ. ಆ ಮೇಲಿನ ಹಲಗೆಯಲ್ಲಿ ನಾನೊಬ್ಬನೇ ಕೂರಲಾರೆ. ಇರು ಎಂದು ಮೇಲೆ ಬರೆದದ್ದು ಸುಳ್ಳು. ಈಗ ಸೂಜಿ ತಂದು ಬಾಗಿಲಿನ ಗೆರೆ ಕೆರೆದು ಬಿಡಿಸಿದೆ. ನೀಲಿ ಸಿಪ್ಪೆ ಎದ್ದು ಹೊಳಪೆಲ್ಲ ಕೆಟ್ಟುಹೋಯಿತು, ಈಸ್ಟರಿಗೆ ಒಯ್ಯುವಂತಿಲ್ಲ. ಹೋಗಲಿ. ಒಳಗಿಂದ ನಾನು ತಳ್ಳುತ್ತಿದ್ದೇನೆ, ಹೊರಗಿಂದ ನೀನು ಸ್ವಲ್ಪ ಎಳೆ.