ನಿದ್ದೆಯ ಮೂರನೇ ಮೆಟ್ಟಿಲು

ಎಸ್.ಎಸ್. ಬಡಾವಣೆ, ದಾವಣಗೆರೆ
೧೨ ನವೆಂಬರ್ ೨೦೨೪

ಮಗಳೇ ರಶ್ಮಿತಾ,

ಹರಿಹರದಲ್ಲಿ ನೀನೂ ಅಳಿಯಂದಿರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಅರ್ಧ ಗಂಟೆಯ ಬಸ್ಸಿನ ದಾರಿಗೆ ಕಾಗದವೇಕೆ ಎನ್ನಬೇಡ. ಅವ್ವ ಹೋದಾಗಿನಿಂದ ನೀನು ಮೊಬೈಲ್ ಮುಟ್ಟುವುದಿಲ್ಲ. ಎದುರಿಗೆ ಕೂತರೆ ನನಗೆ ಮಾತು ಹೊರಡುವುದಿಲ್ಲ. ಬಿ.ಎ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವನ ಬರಹ, ಸುಧಾರಿಸಿಕೊಂಡು ಓದು.

ಹೋದ ತಿಂಗಳು ನಿಮ್ಮಲ್ಲಿಗೆ ಬಂದಾಗ ಅಳಿಯ ಶಿವಕುಮಾರ ನನ್ನನ್ನು ಹೊರಗೆ ಕರೆದು ಹೇಳಿದರು: "ಮಾವ, ಇವಳಿಗೆ ದಿನಾ ಒಂದೇ ಕನಸು. ಫೋನ್ ಬಡ್ಕೊಳ್ತೈತಂತೆ, ಅವ್ವನ ಹೆಸರು ಕಾಣ್ತೈತಂತೆ, ಕೈ ಮಾತ್ರ ಏಳಲ್ಲಂತೆ. ಚೀರಿ ಎದ್ದು ಕೂರ್ತಾಳ."

ಅವ್ವ ಹೋದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಅವಳ ಕರೆ ಬಂದಾಗ ನೀನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮುಗಿಸಿ ಮಾತಾಡಿದರಾಯಿತೆಂದು ಫೋನನ್ನು ಬೋರಲು ಇಟ್ಟೆ. ಅಷ್ಟರಲ್ಲಿ ಅವಳು ಎದೆನೋವಿನಿಂದ ಅಡುಗೆಮನೆಯಲ್ಲಿ ಕುಸಿದು ಹೋಗಿಬಿಟ್ಟಿದ್ದಳು. ವರ್ಷದಿಂದ ಅದನ್ನೇ ಹೊತ್ತುಕೊಂಡಿದ್ದೀಯ.

ನನ್ನ ಗೊರಕೆ ಈಚೆಗೆ ಜಾಸ್ತಿಯಾಗಿದೆ. ಇಲ್ಲೇ ಕರೂರಿನ ಫ್ಯಾಕ್ಟರಿಯ ರಾತ್ರಿ ಪಾಳಿಯಲ್ಲಿ ನಿಂತಲ್ಲೇ ತೂಕಡಿಸುತ್ತೇನೆಂದು ನಿದ್ದೆಯ ಡಾಕ್ಟರ ಬಳಿ ಹೋಗಿದ್ದೆ. ಹಗಲು ಮಲಗುವ ಪ್ರಾಣಿಯಾದ್ದರಿಂದ ಪರೀಕ್ಷೆಯೂ ಹಗಲೇ. ಮಹೀನ್ ಎಂಬ ಹುಡುಗಿ ತಲೆತುಂಬ ವೈರು ಅಂಟಿಸುತ್ತ, "ಅಂಕಲ್, ಅಲ್ಲಾಡಬ್ಯಾಡ್ರಿ, ವೈರ್ ಕಿತ್ರೆ ನಿಮ್ಮ ಕನಸು ನಮಗ್ ಸಿಗಲ್ಲ" ಎಂದು ನಗಿಸಿದಳು.

ನಿದ್ದೆಗೆ ಮೆಟ್ಟಿಲುಗಳಿವೆಯಂತೆ. ಮೊದಲನೆಯದರಲ್ಲಿ ಕಾಲು ಜಾರಿದಂತಾಗಿ ಬೆಚ್ಚುತ್ತೇವಲ್ಲ, ಅದು. ಎರಡನೆಯದರಲ್ಲಿ ಎದೆಬಡಿತ ನಿಧಾನ. ಮೂರನೆಯದು ಡೀಪ್ ಸ್ಲೀಪ್. ಕಂಪ್ಯೂಟರಿನ ಗೆರೆಗಳು ದೊಡ್ಡ ಅಲೆಗಳಾಗಿ ಸಾವಕಾಶ ಸಾಗುತ್ತವೆ, ಆಗ ಕರೆದರೂ ಎಚ್ಚರವಾಗುವುದು ಕಷ್ಟ. ಆಮೇಲೆ ಮತ್ತೆ ಮೇಲೆ ಬಂದು ರ‍್ಯಾಪಿಡ್ ಐ ಮೂವ್‌ಮೆಂಟ್. ರ‍್ಯಾಪಿಡ್ ಎಂದರೆ ಜೋರು. ನೌನೋ ಅಡ್ಜೆಕ್ಟಿವೋ ಈಗ ಮರೆತಿದೆ. ರೆಪ್ಪೆಯೊಳಗೆ ಕಣ್ಣು ಓಡಾಡುತ್ತದಂತೆ. ನಿಚ್ಚಳವಾದ ಕನಸುಗಳೆಲ್ಲ ಹೆಚ್ಚಾಗಿ ಆಗಲೇ. ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ.

ನಿನ್ನ ಕನಸಿನ ಬಗ್ಗೆಯೂ ಕೇಳಿದೆ. ಡಾಕ್ಟರು ಹೇಳಿದರು: "ಆ ಹೊತ್ತಿಗೆ ಮಿದುಳು ಕೈಕಾಲನ್ನ ಸಡ್ಲ ಬಿಟ್ಟಿರ್ತೈತ್ರಿ. ಇಲ್ಲಾಂದ್ರೆ ಕನಸಿನಾಗೆ ಓಡೋರು ಹಾಸಿಗೆಯಿಂದ ಎದ್ದು ಓಡ್ತಿದ್ರು. ನಿಮ್ಮ ಮಗಳ ಕೈ ಏಳದಿರೋದು ದೇಹದ ಕೆಲಸ, ಅವರ ತಪ್ಪಲ್ಲ." ಕೇಳಿದೆಯಾ? ಇದನ್ನು ತಿಳಿಸಲೆಂದೇ ಬರೆಯಲು ಕೂತೆ.

ನಮ್ಮ ಮನೆಯ ಕ್ರಮ ನಿನಗೆ ಗೊತ್ತು. ಮೂವತ್ತು ವರ್ಷ, ನಾನು ಹಗಲು ಮಲಗಿದರೆ ಕುಕ್ಕರ್ ಕೂಗಬಾರದು. ಅವ್ವ ಗೇಟಿಗೇ ಹೋಗಿ ತರಕಾರಿ ಕಾಟಮ್ಮನಿಗೆ, "ಮೆತ್ತಗ ಕೂಗವ್ವ, ನಮ್ಮನೇರು ಮಲಗ್ಯಾರ" ಎನ್ನುತ್ತಿದ್ದಳು. "ನಿಮ್ಮನೇರೇನು ಕೂಸೇನ್ರೀ? ತೊಟ್ಲು ಕಟ್ರಿ!" ಎಂದು ಕಾಟಮ್ಮ ಬೇಕೆಂದೇ ಇನ್ನೂ ಜೋರಾಗಿ ನಗುತ್ತಿದ್ದಳು. ಅಂದು ಆ ನೋವಿನಲ್ಲೂ ಅವ್ವ ಗಟ್ಟಿಯಾಗಿ ಕೂಗಿರಲಾರಳು. ಕೂಗಿದ್ದರೂ ನಾನು ಮೂರನೇ ಮೆಟ್ಟಿಲಿನಲ್ಲಿದ್ದೆ. ಕೇಳುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಹಾಗಾಗಿ ನಿನ್ನದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ.

ಸೋಮವಾರ ಅವಳ ವರ್ಷದ ಪೂಜೆ. ಸಮಾಧಿಗೆ ಹೂವು ಹೇಳಿದ್ದೇನೆ. ಇಬ್ಬರೂ ಬೆಳಗ್ಗೆಯೇ ಬನ್ನಿ.

ನಿನ್ನ ನಿದ್ದೆಯನ್ನೇ ಚಿಂತಿಸುತ್ತಿರುವ
ಅಪ್ಪ,
ಕೊಟ್ಟೂರೇಶ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಕನಸಿನ ಬಗ್ಗೆ ಬರೆದದ್ದು ನಿಜ, ನನ್ನ ನಿದ್ದೆಯ ಬಗ್ಗೆ ಬರೆದದ್ದು ಸುಳ್ಳು. ಅಂದು ಬೆಳಗ್ಗೆ ನಮಗೆ ಜಗಳವಾಗಿತ್ತು. ಅವಳನ್ನು ಕೇಳದೆ ಇನ್ನೊಂದು ವರ್ಷ ರಾತ್ರಿ ಪಾಳಿಗೆ ಒಪ್ಪಿಕೊಂಡು ಬಂದಿದ್ದೆ. "ನಿಮ್ಮ ಜೊತಿ ಕೂತು ಒಂದು ಹಗಲು ಕಂಡಿಲ್ಲ ನಾನು" ಎಂದು ತಟ್ಟೆ ಕುಕ್ಕಿದಳು. ನಾನು ಮುಸುಕೆಳೆದು ಗೋಡೆಯತ್ತ ತಿರುಗಿದೆ. ನಿದ್ದೆ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನಿಂತು, "ಏನ್ರೀ... ಎಚ್ರ ಐದೀರೇನ್ರೀ?" ಎಂದಳು. ರಾಜಿಗೆ ಬಂದಳೆಂದುಕೊಂಡೆ. ಇನ್ನೊಂದು ಸಲ ಕರೆಯಲಿ ಎಂದು ಬೇಕಂತಲೇ ಗೊರಕೆ ಹೊಡೆದೆ. ಕರೆದಳು. ಮತ್ತೂ ಹೊಡೆದೆ. ಇನ್ನೊಮ್ಮೆ ಕರೆದರೆ ಏಳುವವನಿದ್ದೆ. ಅವಳ ಹೆಜ್ಜೆ ಅಡುಗೆಮನೆಯತ್ತ ಹೋಯಿತು. ನಿನಗೆ ಫೋನ್ ಹಚ್ಚಿದ್ದು ಅದಾದ ಮೇಲೆ. ಸೋಮವಾರ ಬರುವುದು ಬಿಡುವುದು ನಿನಗೆ ಸೇರಿದ್ದು. ಮಲಗುವಾಗ ಮಾತ್ರ ಇದೊಂದು ನೆನೆಸಿಕೋ: ಅವ್ವ ಮೊದಲು ಕರೆದದ್ದು ನನ್ನನ್ನು.